ಅಜ್ಜಿ ತರಿಸಿದ ಮೊಟ್ಟೆ

ಜೋಳದ ನುಚ್ಚು ಕುದಿಯುವ ವಾಸನೆ ಬಂದರೆ ನನಗೆ ಈಗಲೂ ನಾಗಪುರದ ರೈಲ್ವೆ ಕ್ವಾರ್ಟರ್ಸಿನ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಎಂಬತ್ತರ ದಶಕದ ಒಂದು ಬೇಸಿಗೆ. ಅಪ್ಪ ಸದರ್ ಬಜಾರಿನಿಂದ ಅಂಗಿಯೊಳಗೆ ಇಟ್ಟುಕೊಂಡು ತಂದಿದ್ದ ನಾಯಿಮರಿ, ನಾವು ತಿನ್ನಿಸಿದ ಹಾಲು-ಬಿಸ್ಕತ್ತನ್ನೆಲ್ಲ ಕಕ್ಕಿ, ಒದ್ದೆ ಅರಿವೆಯ ಹಾಗೆ ಬಿದ್ದುಕೊಂಡಿತ್ತು. ಪಕ್ಕದ ಮನೆಯ ಕಾಕೂ ಇಣುಕಿ ನೋಡಿ, ಇದು ಉಳಿಯುವುದಿಲ್ಲ ಎಂದು ಮರಾಠಿಯಲ್ಲಿ ಹೇಳಿ ಹೋದರು. ನಾನು ಅಳತೊಡಗಿದೆ.

ಅಜ್ಜಿ ಮರಿಯ ಹೊಟ್ಟೆ ಮುಟ್ಟಿ ನೋಡಿದಳು. "ಅಳಬ್ಯಾಡ. ಬಿಸ್ಕೀಟು ಇದರ ಊಟ ಅಲ್ಲ," ಎಂದವಳೇ ಅಂಗಳದಲ್ಲಿ ಸ್ಟೋವ್ ಹಚ್ಚಿ, ಉಪ್ಪು ಹಾಕದೆ ನುಚ್ಚು ಕುದಿಸಿದಳು. ಆಮೇಲೆ ಅಪ್ಪನಿಗೆ, "ಜಲ್ದಿ ಹೋಗಿ ಒಂದು ತತ್ತಿ ತೊಗೊಂಡು ಬಾ," ಎಂದಳು.

ಅವ್ವ ಬೆಚ್ಚಿದಳು. ನಮ್ಮ ಮನೆಗೆ ಅದುವರೆಗೂ ಮೊಟ್ಟೆ ಬಂದಿರಲಿಲ್ಲ, ಬರಗೊಡದವಳು ಅಜ್ಜಿಯೇ.

"ಮಡಿ ನನ್ನದು, ಅದರದಲ್ಲ," ಎಂದ ಅಜ್ಜಿ, ಬೇಯಿಸಿದ ಮೊಟ್ಟೆಯನ್ನು ತಾನೇ ಬೆರಳಿನಿಂದ ಹಿಚುಕಿ ನುಚ್ಚಿಗೆ ಕಲಸಿದಳು. ಮರಿ ಮೂಸಿತು, ನೆಕ್ಕಿತು, ಕಡೆಗೆ ಬೋಗುಣಿಯೊಳಗೆ ಮುಂಗಾಲಿಟ್ಟುಕೊಂಡೇ ತಿಂದಿತು.

ಮರುದಿನ ಅಪ್ಪ ಕೆಲಸಕ್ಕೆ ಹೊರಟಾಗ ಅಜ್ಜಿ ಬಾಗಿಲಲ್ಲಿ ನಿಂತು, ಕ್ವಾರ್ಟರ್ಸಿನ ಇಡೀ ಸಾಲಿಗೆ ಕೇಳುವಂತೆ ಕೂಗಿದಳು: "ಬರೂವಾಗ ತತ್ತಿ ಮರೀಬ್ಯಾಡೋ!"