ಕುತುಬ್ ಮಿನಾರ್ ವಾಲಿಸಿದ ಕಲ್ಲು

"ಈ ರುಬ್ಬುವ ಕಲ್ಲನ್ನು ಎಡಗೈ ಕಿರುಬೆರಳಲ್ಲಿ ಎತ್ತಿ ತಂದು ಇಲ್ಲಿ ಕುಕ್ಕಿದೆ ನೋಡು, ಅತ್ತ ಕುತುಬ್ ಮಿನಾರ್ ಒಂದು ಗೇಣು ವಾಲಿತು!" ಎಂದೆ.

"ಅಚ್ಛಾ!" ಎಂದ ಮಹಂತೇಶ್. ದೆಹಲಿಯ ಮುನಿರ್ಕಾ ಪಕ್ಕದ ನಮ್ಮ ಹಳ್ಳಿಯ ಹೊಸ ಮ್ಯೂಸಿಯಂ ನೋಡಲು ಇಂದಿರಾಪುರಂನಿಂದ ಬಂದಿದ್ದ ಹುಡುಗ. "ಅಲ್ಲಾ ಅಂಕಲ್, ಇದೇನು ಗಲ್ಲಿಗೊಂದು ಮ್ಯೂಸಿಯಂ?"

"ಎಲ್ಲಾ ಒಂದೇ ಕಣೋ. ಹಳೇ ಹವೇಲಿ, ಚೌಪಾಲ್ ಅನ್ನೋ ಪಂಚಾಯ್ತಿಕಟ್ಟೆ, ಬಾವಿಮನೆ, ಎಲ್ಲದರಲ್ಲೂ ಹರಡಿಕೊಂಡಿದೆ. ನಮ್ಮ ಕಲ್ಲನ್ನೂ ಇಡಿ ಅಂದರೆ ಊರ ಯಜಮಾನರು, ಚೌಧರಿಗಳು, 'ಬಾಡಿಗೆದಾರರ ಕಲ್ಲು ಹಳ್ಳಿಯ ಇತಿಹಾಸ ಹೇಗಾಗುತ್ತೆ?' ಅಂದುಬಿಟ್ಟರು. ಮೂವತ್ತು ವರ್ಷದಿಂದ ಇಲ್ಲೇ ಇದ್ದೀವಿ, ಇನ್ನೂ ಮದ್ರಾಸಿಗಳೇ! ಸಭೆ ಕರೆಸಿದೆ. ಹಿಂದಿಯಲ್ಲಿ ಗುಡುಗಿದೆ. ಪೇಟದ ಹಿರಿಯರೆಲ್ಲ ಬಿಕ್ಕಿ ಬಿಕ್ಕಿ ಅತ್ತು, ಬತ್ತಿದ ಬಾವಿ..."

"ತುಂಬಿತಾ, ರೀ?"

ಹಿಂದೆ ನನ್ನ ಹೆಂಡತಿ ವೈಜಯಂತಿ! ಅವಳ ತೋಳು ಹಿಡಿದು ಹಿರಿಯ ಚೌಧರಿಯ ತಾಯಿ, ಊರಿಗೆಲ್ಲ 'ದಾದಿ', ಅಂದರೆ ಅಜ್ಜಿ.

"ಆಂಟಿ, ಭಾಷಣ ಅಷ್ಟು ಜೋರಾಗಿತ್ತಾ?"

"ಜೋರಾಗೇ ಇತ್ತಂತಪ್ಪಾ. ಸಭೆ ಇದ್ದದ್ದು ಚೌಪಾಲಿನಲ್ಲಿ, ಇವರು ಹೋಗಿದ್ದು ಹವೇಲಿಗೆ. ಸುಣ್ಣ ಹೊಡೀತಿದ್ದ ಇಬ್ಬರು ಭಯ್ಯಾಗಳು ಕೆಲಸ ನಿಲ್ಲಿಸಿ ಕೇಳಿದರಂತೆ."

"ಹಾಗಾದರೆ ಕಲ್ಲು ಹೇಗೆ ಬಂತು ಅಂಕಲ್?" ಹುಡುಗ ಬಿಡಲಿಲ್ಲ.

ಸಿಕ್ಕಿಬಿದ್ದೆ. ನಿಜ ಹೇಳಲೇಬೇಕಾಯಿತು. ಸಭೆಯಲ್ಲಿ ಗುಡುಗಿದ್ದು ದಾದಿ. "ಕರೆಂಟ್ ಹೋಗಿ ಮಿಕ್ಸಿ ನಿಂತಾಗಲೆಲ್ಲ ನನ್ನ ಸೊಸೆಯರು ಚಟ್ನಿಗೆ ಓಡುತ್ತಿದ್ದದ್ದು ಈ ಕಲ್ಲಿಗೆ. ನನ್ನ ಹಲ್ಲು ಉದುರಿದ ಮೇಲೆ ರೊಟ್ಟಿ ಬಿಟ್ಟೆ, ಇದರ ಇಡ್ಲಿ ಹಿಡಿದೆ. ನನ್ನ ಚರಖಾ ಹಳ್ಳಿಯದಾದರೆ ಇದೂ ಹಳ್ಳಿಯದೇ. ಇದು ಒಳಗೆ ಬರದಿದ್ದರೆ ನನ್ನ ಚರಖಾ ಈಗಲೇ ಹೊರಗೆ!" ಚೌಧರಿಗಳೆಲ್ಲ ಅಲ್ಲೇ ಕೈಯೆತ್ತಿ ಒಪ್ಪಿಬಿಟ್ಟರಂತೆ.

ಕಲ್ಲು ಹೊತ್ತವರು ದಾದಿಯ ಮೊಮ್ಮಕ್ಕಳು, ನಾಲ್ವರು ಪೈಲ್ವಾನರು. ಡೋಲು ಬಡಿಸಿಕೊಂಡು ಗಲ್ಲಿಗಲ್ಲಿ ಮೆರೆದು ಬಂತು ನಮ್ಮ ಕಲ್ಲು. ಒಂದು ಕೈ ವೈಜಯಂತಿಯ ಹೆಗಲ ಮೇಲೆ, ಇನ್ನೊಂದು ಕಲ್ಲಿನ ಮೇಲೆ ಇಟ್ಟುಕೊಂಡು ದಾದಿ ಜೊತೆಗೇ ನಡೆದರು.

ಅವರ ಊರುಗೋಲು ಹಿಡಿದುಕೊಂಡು ಕೊನೆಯಲ್ಲಿ ಬಂದವನು ನಾನು. ಅದನ್ನು ಮಾತ್ರ, ಆಣೆಗೂ, ಕಿರುಬೆರಳಲ್ಲೇ.