ಮೇಣ ಹಚ್ಚಿದ ಡಬ್ಬಿ

ಬಿಸಿಲು ಸತ್ತು ಹನ್ನೊಂದು ವರ್ಷವಾಗಿತ್ತು. ಹೊಸಪೇಟೆಯ ಹಿನ್ನೀರು ಕಲ್ಲಿನಂತೆ ಹೆಪ್ಪುಗಟ್ಟಿತ್ತು. ಆಚೆ ದಡದಿಂದ ಕಟ್ಟಿಗೆ ತರಬೇಕೆಂದರೆ ಅದರ ಮೇಲೆಯೇ ನಡೆಯಬೇಕು. ನಾಳೆ ಹುಲಿಗೆಮ್ಮನ ಮಗಳು ಪಂಪಾವತಿಯ ಮೊದಲ ಸರದಿ.

ಹುಲಿಗೆಮ್ಮ ಗಂಡನ ತಂಬಾಕಿನ ಡಬ್ಬಿಯನ್ನು ಗೂಡಿನಿಂದ ಇಳಿಸಿದಳು. ದಾರಿ ತಪ್ಪಿದವರು ಒಂದು ರಾತ್ರಿ ಜೀವ ಹಿಡಿದಿರಲಿ ಎಂದು ಬೆಂಕಿಕಡ್ಡಿ, ಎಣ್ಣೆಯಲ್ಲಿ ಅದ್ದಿದ ಅರಳೆ, ಬೆಲ್ಲ ಎಲ್ಲ ಅವಳೇ ತುಂಬಿದ್ದು. ಹಿಮ ಒಳಹೊಗದಂತೆ ಮುಚ್ಚಳಕ್ಕೆ ಮೇಣ ಹಚ್ಚುವುದರಲ್ಲಿ ಊರಿಗೆಲ್ಲ ಅವಳದೇ ಎತ್ತಿದ ಕೈ. ಹೋದ ವರ್ಷ ಕಟ್ಟಿಗೆಗೆಂದು ಹೊರಟ ಗಂಡನ ಹೆಣದ ಜೊತೆ ಡಬ್ಬಿ ತೆರೆಯದೆಯೇ ಬಂದಾಗ, ನಿದ್ದೆಯಲ್ಲೇ ಹೋಗಿದ್ದಾನೆ ಎಂದು ಜನ ಸಮಾಧಾನ ಹೇಳಿದ್ದರು. ಅವಳೂ ನಂಬಿದ್ದಳು.

ಈಗ ಬಾಗಿಲ ಬೆಳಕಿಗೆ ಹಿಡಿದಾಗ ಕಂಡಿತು. ಮೇಣದ ಸುತ್ತಲೂ ಉಗುರಿನ ಗೀರು. ಒಂದು ಕಡೆ ಹಲ್ಲಿನ ಗುರುತು.

ಹುಲಿಗೆಮ್ಮ ಮೇಣವನ್ನೆಲ್ಲ ಕೆರೆದು ಒಲೆಗೆ ಹಾಕಿದಳು. ಹೊಸ ಕಡ್ಡಿ ತುಂಬಿ ಬರಿ ಮುಚ್ಚಳ ಒತ್ತಿದಳು.

“ಮೇಣ ಹಚ್ಚಲಿಲ್ಲಂದ್ರ ಕಡ್ಡಿ ತೊಯ್ತಾವಲ್ಲವ್ವಾ?” ಎಂದಳು ಪಂಪಾವತಿ.

“ತೊಯ್ದ್ರ ತೊಯ್ಲಿ, ಒಂದಾದ್ರೂ ಉಳದೀತು. ಬಾ ಇಲ್ಲಿ, ಈ ಬುಟ್ಟಿಯೊಳಗ ಕೈ ಇಡು.”

ಬುಟ್ಟಿಯ ತುಂಬ ಹಿಮವಿತ್ತು. ಬೆರಳು ಮರಗಟ್ಟುವವರೆಗೂ ಮಗಳ ಮಣಿಕಟ್ಟನ್ನು ಬಿಡದೆ ಹಿಡಿದಿದ್ದು, ಆಮೇಲೆ ಡಬ್ಬಿ ಕೊಟ್ಟು ತೆರೆಸಿದಳು. ಮೂರನೇ ಸಲಕ್ಕೆ ಹುಡುಗಿ ಅಳತೊಡಗಿದಳು.

“ಇನ್ನೊಂದು ಸಲ” ಎಂದಳು ಹುಲಿಗೆಮ್ಮ.