ಕೆಂಪು ಹುರಿಯ ತೇಪೆ

"ಇವತ್ತ ಕಡೀ ಮ್ಯಾಚ್ ಬೇ ಅವ್ವಾ... ಇನ್ನ ಮ್ಯಾಲೆ ಭಾನುವಾರನೂ ಮನ್ಯಾಗ ಇರ್ತೀನಿ."

ಹೀಗೆ ಹೇಳಿಯೇ ಫಕ್ಕೀರೇಶ ಆ ದಿನ ಮನೆ ಬಿಟ್ಟಿದ್ದ.

ವಯಸ್ಸು ಇಪ್ಪತ್ತೆರಡು. ಹುಬ್ಬಳ್ಳಿಯ ಒಂದು ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳು ಬಿಚ್ಚಿಸಿದ ಸೀರೆಗಳನ್ನು ದಿನವಿಡೀ ನಿಂತು ಮಡಚುವ ಕೆಲಸ. ಭಾನುವಾರ ಕ್ರಿಕೆಟ್... ಅದೂ ಕೆಳಗಿನ ಡಿವಿಷನ್‌ನ ಲೀಗ್.

ಅವನು ಬೌಲರ್. ಆದರೆ ಚೆಂಡು ಕೈಗೆ ಸಿಗುತ್ತಿದ್ದದ್ದು ಬೇರೆಯವರೆಲ್ಲ ಸುಸ್ತಾದಾಗ ಮಾತ್ರ.

ಮೂರು ವರ್ಷದಿಂದ ಇದೇ ಆಗಿತ್ತು. ಬೌಂಡರಿ ಗೆರೆಯ ಹತ್ತಿರ ಭುಜ ತಿರುಗಿಸುತ್ತಾ ಮೈ ಬೆಚ್ಚಗೆ ಮಾಡಿಕೊಳ್ಳುತ್ತಿದ್ದ. ಕಾಯುತ್ತಿದ್ದ... ಕರೆ ಬರುತ್ತಿರಲಿಲ್ಲ. ಮೈ ತಣ್ಣಗಾಗುತ್ತಿತ್ತು.

ತಂಡದಲ್ಲಿ ಅವನ ಹೆಸರೇ ಸ್ಟೆಪ್ನಿ.

"ಏ ಸ್ಟೆಪ್ನಿ, ಗಾಳಿ ಐತಿಲ್ಲೋ ನೋಡ್ಕೋಲೇ!" ಎಂದು ಕ್ಯಾಪ್ಟನ್ ಗಿರೀಶ ಚೇಷ್ಟೆ ಮಾಡಿದರೆ ಎಲ್ಲರೂ ನಗುತ್ತಿದ್ದರು. ಅವನೂ ನಗುತ್ತಿದ್ದ.

ಆದರೂ ದಿನಾ ಬೆಳಗ್ಗೆ ಅಂಗಡಿಗೆ ಹೋಗುವ ಮುಂಚೆ ಮೈದಾನಕ್ಕೆ ಬರುತ್ತಿದ್ದ. ಕ್ಲಬ್‌ಗೆ ಇದ್ದದ್ದು ಒಂದೇ ಒಂದು ಹಳೆಯ ನಾರಿನ ಮ್ಯಾಟ್. ಅದನ್ನು ಒಬ್ಬನೇ ಉರುಳಿಸಿ ಹಾಸಿ, ಮೊಳೆ ಬಡಿದು, ಎದುರಿಗೆ ಬ್ಯಾಟ್ಸ್‌ಮನ್ ಇಲ್ಲದೆಯೇ ಸ್ಟಂಪಿನ ಬುಡಕ್ಕೆ ಚೆಂಡು ಹಾಕುತ್ತಿದ್ದ. ಭುಜ ಸಾಕು ಎನ್ನುವವರೆಗೆ.

ಎರಡು ತಿಂಗಳ ಹಿಂದೆ ಒಂದು ಮಾತು ಕಿವಿಗೆ ಬಿದ್ದಿತ್ತು. ಮೈದಾನ ಗುಡಿಸಿ, ಮ್ಯಾಟಿಗೆ ತೇಪೆ ಹಾಕುವ ಸಾಂವಕ್ಕ ಎಂಬ ಮುದುಕಿ ಸೆಕ್ರೆಟರಿಯನ್ನು ಕೇಳಿದ್ದಳಂತೆ... "ಮುಂಜಾನೆ ಬಂದು ಚಾಪಿ ಹರಿಯಾಂವ ಯಾಂವ?"

ಅಂದಿನಿಂದ ಅವನು ಹಿಂದಿನ ಗೇಟಿನಿಂದ ಬಂದು, ಅವಳು ಬರುವ ಮುಂಚೆಯೇ ಜಾಗ ಖಾಲಿ ಮಾಡುತ್ತಿದ್ದ.

ಆ ಭಾನುವಾರ ಮಾತ್ರ ತಪ್ಪಿಸಿಕೊಳ್ಳಲು ಆಗಲಿಲ್ಲ. ಸಾಂವಕ್ಕ ಆಗಲೇ ಮ್ಯಾಟಿನ ಮೇಲೆ ಕುಳಿತಿದ್ದಳು. ದಬ್ಬಣವನ್ನು ಬೆಳಕಿಗೆ ಹಿಡಿದು ಹುರಿ ಪೋಣಿಸಲು ನೋಡುತ್ತಿದ್ದಳು... ದಬ್ಬಣದ ಕಣ್ಣು ಸಿಗುತ್ತಿರಲಿಲ್ಲ.

"ಯಾರಪಾ ಅಲ್ಲಿ? ಸ್ವಲ್ಪ ಇದನ್ನ ಪೋಣಿಸಿ ಕೊಡು. ನನ್ನ ಕಣ್ಣಿಗೆ ಪರದೆ ಬಂದೈತಿ."

ಕೆಂಪು ಹುರಿ. ಅವನು ಪೋಣಿಸಿದ. ಕೈಗೆ ಕೊಡುವಾಗ ತಡೆಯಲಾಗಲಿಲ್ಲ.

"ಆಯೀ... ಚಾಪಿ ಹರಿಯಾಂವ ನಾನ. ತಪ್ಪಾತು. ನಾಳಿಂದ ಬರಂಗಿಲ್ಲ."

ಮುದುಕಿ ಅವನ ಕೈ ಹಿಡಿದು ಕೂರಿಸಿಕೊಂಡು, ಅಂಗೈಯನ್ನು ಮ್ಯಾಟಿನ ಮೇಲೆ ಇಟ್ಟಳು.

"ಇಲ್ಲಿ ಮುಟ್ಟಿ ನೋಡು. ಈ ತೇಪಿ ನೀ ಬಂದ ಮೊದಲನೇ ವರ್ಷದ್ದು. ಇಲ್ಲೊಂದು, ಅಲ್ಲೊಂದು... ಚಾಪಿ ತುಂಬ ಹೊಲದು ನನ್ನ ಬೆರಳ ಸೋತಿದ್ವು. ಬಾಯಿಗೆ ಬಂದಂಗ ಬೈದೀನಿ ನಿನಗ."

ಕೈಯನ್ನು ಸ್ಟಂಪಿನ ಕಡೆಗೆ ಎಳೆದಳು.

"ಇವು ಹ್ವಾದ ವರ್ಷದ್ದು. ಒಂದು ಮೊರದಷ್ಟು ಅಗಲ."

ಇನ್ನೂ ಸ್ವಲ್ಪ ಮುಂದೆ...

"ಇದು ಈ ವರ್ಷದ್ದು. ಒಂದ ರೊಟ್ಟಿಯಷ್ಟ ಜಾಗ. ಹರಿದ್ರ ಇಲ್ಲೇ ಹರಿತೈತಿ, ಬ್ಯಾರೆ ಎಲ್ಲೂ ಇಲ್ಲ. ಅದಕ್ಕ ಕೇಳಿದ್ದೆ, ಯಾಂವ ಅಂತ... ಆ ಕೈ ಒಮ್ಮೆ ಮುಟ್ಟಿ ನೋಡಬೇಕಿತ್ತು."

ಮೂರು ವರ್ಷದ ಸ್ಕೋರ್ ಪುಸ್ತಕದಲ್ಲಿ ಫಕ್ಕೀರೇಶನ ಹೆಸರಿನ ಮುಂದೆ ಬಹುತೇಕ ಖಾಲಿ. ಇಲ್ಲಿ ಮಾತ್ರ ಅವನು ಎಸೆದ ಒಂದು ಚೆಂಡೂ ಕಳೆದುಹೋಗಿರಲಿಲ್ಲ.

ಮಧ್ಯಾಹ್ನ ಪಂದ್ಯ ಕೊನೆಯ ಓವರಿಗೆ ಬಂತು. ಎದುರಾಳಿಗೆ ಬೇಕಿದ್ದದ್ದು ಎಂಟು ರನ್. ಓವರ್ ಹಾಕಬೇಕಿದ್ದ ಬೌಲರ್ ಕಾಲು ಹಿಡಿದುಕೊಂಡು ಕುಳಿತುಬಿಟ್ಟ.

"ಸ್ಟೆಪ್ನಿ, ಬಾರಲೇ... ಬ್ಯಾರೆ ದಾರಿನ ಇಲ್ಲ," ಎಂದ ಗಿರೀಶ.

ಮೊದಲ ಚೆಂಡು ಹಾಕುವಾಗ ಅವನು ಬ್ಯಾಟ್ಸ್‌ಮನ್ ಮುಖ ನೋಡಿದ. ಚೆಂಡು ಬೌಂಡರಿ ದಾಟಿತು, ನಾಲ್ಕು ರನ್.

"ಪಂಚರ್!" ಎಂದು ಯಾರೋ ಕೂಗಿದರು.

ಎರಡನೆಯದಕ್ಕೆ ತಿರುಗಿ ನಿಂತಾಗ ಸ್ಟಂಪಿನ ಮುಂದೆ ಏನೋ ಕೆಂಪಗೆ ಕಂಡಿತು... ಬೆಳಗ್ಗೆ ತಾನೇ ಪೋಣಿಸಿಕೊಟ್ಟ ಹುರಿ. ರೊಟ್ಟಿಯಷ್ಟು ಜಾಗ.

ಆಮೇಲೆ ಅವನು ಬ್ಯಾಟ್ಸ್‌ಮನ್ ಕಡೆ ನೋಡಲೇ ಇಲ್ಲ.

ರನ್ ಇಲ್ಲ. ರನ್ ಇಲ್ಲ. ಒಂದು ರನ್. ಮತ್ತೆ ರನ್ ಇಲ್ಲ...

ಕೊನೆಯ ಚೆಂಡು. ಗೆಲ್ಲಲು ಅವರಿಗೆ ಮೂರು ರನ್ ಬೇಕು. ಚೆಂಡು ಕೆಂಪು ತೇಪೆಯ ಮೇಲೆ ಬಿತ್ತು... ಬ್ಯಾಟ್ ಕೆಳಗಿಳಿಯುವಷ್ಟರಲ್ಲಿ ಸ್ಟಂಪ್ ಉರುಳಿತ್ತು.

ಹುಡುಗರು ಕೂಗಾಡಿ, ಅವನನ್ನು ಎತ್ತಿ ಇಳಿಸಿ, ಚಹಾದ ಕಡೆಗೆ ಓಡಿದರು. ಅವನು ಮ್ಯಾಟಿನ ಹತ್ತಿರವೇ ಉಳಿದ. ಕೆಂಪು ಹುರಿ ಹರಿದಿತ್ತು.

ಹೊಲಿಯಲು ಬಂದ ಸಾಂವಕ್ಕನ ಪಕ್ಕ ಕುಳಿತು, ಅವಳು ಕೇಳುವ ಮುಂಚೆಯೇ ದಬ್ಬಣ ತೆಗೆದುಕೊಂಡ. ಈ ಸಲ ಅವನಿಗೂ ಹುರಿ ಪೋಣಿಸಲಾಗಲಿಲ್ಲ... ಕಣ್ಣು ತುಂಬಿತ್ತು.

ಗಿರೀಶ ಎರಡು ಚಹಾ ಹಿಡಿದುಕೊಂಡು ಬಂದು ನಿಂತ.

"ಸ್ಟೆಪ್..." ಎಂದವನು ಅಲ್ಲೇ ತಡೆದ. "ಫಕ್ಕೀರೇಶ... ಮುಂದಿನ ವರ್ಷ ಬರ್ತೀಯಲ್ಲೋ?"

ಅವನು ಮುದುಕಿಯ ಕಡೆ ನೋಡಿದ. "ಆಯೀ, ಚಾಪಿ ಮತ್ತ ಹರಿತೈತಲ್ಲ..."

"ಹರಿಲಿ ಬಿಡೋ ಕೂಸ. ಹೊಲಿಯಾಕ ನಾ ಅದೀನಲ್ಲ."

*

ಯಾರ ಕಣ್ಣಿಗೂ ಬೀಳದ ನಿಮ್ಮ ದುಡಿಮೆ, ಎಲ್ಲೋ ಒಬ್ಬರ ಬೆರಳಿಗೆ ತಾಗಿಯೇ ಇರುತ್ತದೆ.

ನಿಮ್ಮ ಮನೆಯಲ್ಲೂ ದಿನಾ ದಣಿದು ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವವರು ಇದ್ದಾರಲ್ಲ... "ನೀ ಪಡೋ ಕಷ್ಟ ನನಗೆ ಗೊತ್ತು" ಅಂತ ಅವರಿಗೆ ಒಮ್ಮೆಯಾದರೂ ಹೇಳಿದ್ದೀರಾ?